ಮರದ ಪಾರ್ಟ್‌ಗಳಿಗೆ ಸಿಎನ್‌ಸಿ ಕಾಂಟೂರ್ ಟೂಲ್‌ಪಾತ್ ಸೆಟ್ ಮಾಡೋದು: ಡ್ರಾಯಿಂಗ್ ಕ್ಲೀನ್ ಮಾಡೋದ್ರಿಂದ ಟ್ಯಾಬ್ ಬಿಡಿಸೋ ತನಕ

ಕಾಂಟೂರ್ ಟೂಲ್‌ಪಾತ್ ಅಂದ್ರೆ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನು) ತನ್ನ ಬಿಟ್ಟನ್ನ, ಅಂದ್ರೆ ತಿರುಗ್ತಾ ಮರ ಕೊಯ್ಯೋ ಹತ್ಯಾರನ್ನ, ಪಾರ್ಟಿನ ಅಂಚಿನ ಸುತ್ತ ಓಡ್ಸೋ ದಾರಿ. ನೋಡೋಕೆ ತೀರಾ ಸುಲಭ. ಡ್ರಾಯಿಂಗಲ್ಲಿ ಒಂದು ಗೆರೆ ಇದೆ, ಬಿಟ್ ಅದರ ಪಕ್ಕದಲ್ಲೇ ಸುತ್ತು ಹಾಕ್ಕೊಂಡು ಮರ ಕೊಯ್ಯತ್ತೆ. ಗೆರೆ ಸೆಲೆಕ್ಟ್ ಮಾಡಿ ಓಕೆ ಒತ್ತಿದ್ರೆ ಟೂಲ್‌ಪಾತ್ ಬಂದೂಬಿಡತ್ತೆ. ಆದ್ರೆ ನಾನು ಹಾಳು ಮಾಡಿರೋ ಹಲಗೆಗಳನ್ನ ಲೆಕ್ಕ ಹಾಕಿದ್ರೆ ಮುಕ್ಕಾಲು ಪಾಲು ಈ ಸುಲಭದ ಟೂಲ್‌ಪಾತಲ್ಲೇ ಹಾಳಾಗಿರೋದು, ಅದೂ ಕೊನೇ ಪಾಸಲ್ಲಿ (ಪಾಸ್ ಅಂದ್ರೆ ಒಂದು ಆಳದಲ್ಲಿ ಬಿಟ್ ಹಾಕೋ ಒಂದು ಸುತ್ತು), ಪಾರ್ಟು ಹಲಗೆಯಿಂದ ಬಿಡಿಸ್ಕೊಳ್ಳೋ ಆ ಹತ್ತು ಸೆಕೆಂಡಲ್ಲಿ. ಅದಕ್ಕೇ ನಾನೀಗ ಟೂಲ್‌ಪಾತ್ ಸೆಟ್ ಮಾಡ್ವಾಗ ಕೊನೆಯಿಂದ ಹಿಂದಕ್ಕೆ ಯೋಚನೆ ಮಾಡ್ಕೊಂಡ್ ಬರ್ತೀನಿ: ಕೊನೇ ಪಾಸಲ್ಲಿ ಈ ಪಾರ್ಟನ್ನ ಏನು ಹಿಡ್ಕೊಂಡಿರತ್ತೆ, ಬಿಟ್ ಯಾವ ಕಡೆ ನಿಂತಿರತ್ತೆ, ಹೊಟ್ಟು ಎಲ್ಲಿಗೆ ಹೋಗತ್ತೆ.

ಉದಾಹರಣೆಗೆ ಒಂದು ಸ್ಟೂಲಿನ ಪಕ್ಕದ ಹಲಗೆ ಇಟ್ಕೊಳ್ಳೋಣ. 18 ಎಂಎಂ ಪ್ಲೈವುಡ್, 400 ಎಂಎಂ ಎತ್ತರ, 300 ಅಗಲ, ಮೇಲ್ಗಡೆ ಕೈ ಹಾಕಿ ಎತ್ತೋಕೆ ಒಂದು ಉದ್ದ ತೂತು, ಇನ್ನೊಂದು ಹಲಗೆ ಬಂದು ಕೂರೋಕೆ ಎರಡು ಸ್ಲಾಟು. 6 ಎಂಎಂ ಬಿಟ್. ಸಾಫ್ಟ್‌ವೇರ್ ಯಾವುದಾದ್ರೂ ಆಗ್ಲಿ, ಫ್ಯೂಷನಲ್ಲಿ ಇದಕ್ಕೆ 2ಡಿ ಕಾಂಟೂರ್ ಅಂತಾರೆ, ವಿಕಾರ್ವಲ್ಲಿ ಪ್ರೊಫೈಲ್ ಅಂತಾರೆ, ಒಳಗಿನ ಲೆಕ್ಕ ಎಲ್ಲಾ ಕಡೆ ಒಂದೇ.

ಮೊದಲು ಡ್ರಾಯಿಂಗ್

ಗೆರೆ ಮುಚ್ಚಿರಬೇಕು. ಎಲ್ಲೋ ಒಂದ್ಕಡೆ 0.05 ಎಂಎಂ ಗ್ಯಾಪ್ ಇದ್ರೂ ಸಾಫ್ಟ್‌ವೇರಿಗೆ ಒಳಗ್ಯಾವುದು ಹೊರಗ್ಯಾವುದು ಅಂತ ಗೊತ್ತಾಗಲ್ಲ, ಬಿಟ್ಟನ್ನ ತಪ್ಪು ಕಡೆ ನಿಲ್ಲಿಸ್ಬಿಡತ್ತೆ. ಡಿಎಕ್ಸ್‌ಎಫ್ (ಡ್ರಾಯಿಂಗ್ ಫೈಲು) ಇಂಪೋರ್ಟ್ ಮಾಡಿದ ತಕ್ಷಣ ಗೆರೆಗಳ ತುದಿಗಳನ್ನ ಜಾಯಿನ್ ಮಾಡಿ, ಒಂದರ ಮೇಲೊಂದು ಕೂತಿರೋ ಡಬಲ್ ಗೆರೆ ಇದ್ರೆ ಅಳಿಸಿ. ಡಬಲ್ ಗೆರೆ ಬಿಟ್ರೆ ಮಷೀನು ಅದೇ ಜಾಗದಲ್ಲಿ ಎರಡು ಸಲ ಸುತ್ತತ್ತೆ, ಎರಡ್ನೇ ಸಲ ಕೊಯ್ಯೋಕೆ ಮರ ಇಲ್ದೆ ಬರೀ ಉಜ್ಜಿ ಅಂಚನ್ನ ಸುಡತ್ತೆ. ಆಮೇಲೆ ಒಂದು ಅಳತೆ ಎಳೆದು ನೋಡಿ, 400 ಅನ್ನೋದು 400 ಆಗೇ ಇದ್ಯಾ ಅಂತ. ಇಂಚು ಎಂಎಂ ಗೊಂದಲ ಆಗಿದ್ರೆ 25.4 ಪಟ್ಟು ದೊಡ್ಡದೋ ಚಿಕ್ಕದೋ ಆಗಿರತ್ತೆ, ಅದು ಕಣ್ಣಿಗೇ ಕಾಣ್ಸತ್ತೆ ಬಿಡಿ.

ಕಣ್ಣಿಗೆ ಕಾಣದ ತೊಂದ್ರೆ ಬೇರೆ ಇದೆ. ವಕ್ರರೇಖೆಗಳು ಸಾವಿರಾರು ಪುಟ್ಟ ಪುಟ್ಟ ನೇರ ತುಂಡುಗಳಾಗಿ ಬಂದಿರೋದು. ಸ್ಕ್ರೀನ್ ಮೇಲೆ ನುಣ್ಣಗೆ ಕಾಣ್ಸತ್ತೆ, ಮಷೀನ್ ಮೇಲೆ ಅದನ್ನ ಓಡ್ಸೋ ಕಂಟ್ರೋಲರ್ ಒಂದೊಂದು ತುಂಡಿಗೂ ತಡವರಿಸಿ ಗಡಗಡ ಅಂತ ಓಡತ್ತೆ, ಅಂಚಲ್ಲಿ ಚಪ್ಪಟೆ ಚಪ್ಪಟೆ ಪಟ್ಟಿ ಬೀಳತ್ತೆ. ಅಂಥ ಗೆರೆಗಳನ್ನ ಆರ್ಕ್‌ಗಳಾಗಿ (ವೃತ್ತದ ತುಂಡುಗಳಾಗಿ) ಬದಲಾಯಿಸ್ಕೊಳ್ಳಿ, ಟಾಲರೆನ್ಸ್, ಅಂದ್ರೆ ಮೂಲ ಗೆರೆಯಿಂದ ಆಚೀಚೆ ಆಗೋಕೆ ಬಿಡೋ ಅಳತೆ, 0.02 ಎಂಎಂ ಸುತ್ತಮುತ್ತ ಇಟ್ರೆ ಮರಕ್ಕೆ ಧಾರಾಳ ಸಾಕು.

ದಪ್ಪ ಅಳೀರಿ, ಝೀರೋ ಎಲ್ಲಿ ಅಂತ ತೀರ್ಮಾನ ಮಾಡಿ

18 ಎಂಎಂ ಅಂತ ಸ್ಟಾಂಪ್ ಇರೋ ಪ್ಲೈ 18 ಇರೋದು ಕಮ್ಮಿ. ವರ್ನಿಯರ್ ತಗೊಂಡು ನಾಲ್ಕು ಮೂಲೆಲೂ ಅಳೀರಿ. ನಮ್ಮ ಹಲಗೆ 17.6 ಬಂತು ಅಂತ ಇಟ್ಕೊಳ್ಳಿ. ಸ್ಲಾಟಿನ ಅಗಲಕ್ಕೂ ಇದೇ ಅಳತೆ ಬೇಕು, 17.6ಕ್ಕೆ 0.1 ರಿಂದ 0.2 ಸೇರಿಸಿ ಸ್ಲಾಟ್ ಬರೀರಿ, ಇಲ್ಲಾಂದ್ರೆ ಒಂದೋ ಸುತ್ತಿಗೆಲಿ ಬಡೀಬೇಕು ಒಂದೋ ಲಡಲಡ ಅನ್ನತ್ತೆ.

ಝಡ್ ಝೀರೋ, ಅಂದ್ರೆ ಮೇಲೆ ಕೆಳಗೆ ಅಳೆಯೋಕೆ ಶುರು ಮಾಡೋ ಸೊನ್ನೆ, ಹಲಗೆಯ ಮೇಲ್ಮೈ ಮೇಲಾ, ಕೆಳಗಿರೋ ಸ್ಪಾಯಿಲ್‌ಬೋರ್ಡ್ (ಟೇಬಲ್ ಕೊಯ್ದುಹೋಗ್ದೇ ಇರ್ಲಿ ಅಂತ ಹಾಕಿರೋ ಬಲಿಹಲಗೆ) ಮೇಲಾ? ಪೂರ್ತಿ ಆಚೆ ಬರೋ ಹಾಗೆ ಕೊಯ್ಯೋ ಕಾಂಟೂರಿಗೆ ನನ್ನ ಓಟು ಸ್ಪಾಯಿಲ್‌ಬೋರ್ಡಿಗೆ. ಹಲಗೆ ಒಂದ್ಕಡೆ 17.4 ಇನ್ನೊಂದ್ಕಡೆ 17.8 ಇದ್ರೂ ತಳ ಮಾತ್ರ ಒಂದೇ ಕಡೆ ಇರತ್ತೆ, ಟ್ಯಾಬಿನ (ಪಾರ್ಟನ್ನ ಹಲಗೆಗೆ ಹಿಡಿದಿಡೋ ಸೇತುವೆ, ಮುಂದೆ ಹೇಳ್ತೀನಿ) ದಪ್ಪ ಎಲ್ಲಾ ಕಡೆ ಒಂದೇ ಬರತ್ತೆ. ಮೇಲಿಂದ ಝೀರೋ ಮಾಡಿದ್ರೆ ಹಲಗೆ ಸ್ವಲ್ಪ ಬಾಗಿರೋ ಜಾಗದಲ್ಲಿ ಒಂದು ಪದರ ಉಳ್ಕೊಳ್ಳತ್ತೆ ಅಥವಾ ಸ್ಪಾಯಿಲ್‌ಬೋರ್ಡಲ್ಲಿ ಕಾಲುವೆ ತೋಡತ್ತೆ. ತಳದಿಂದ 0.3 ಎಂಎಂ ಕೆಳಗೆ ಹೋಗ್ಲಿ, ಅಂದ್ರೆ ಒಟ್ಟು ಆಳ 17.9.

ಸಾಫ್ಟ್‌ವೇರಲ್ಲೂ ಝೀರೋ ಅಲ್ಲೇ ಇದ್ಯಾ ನೋಡ್ಕೊಳ್ಳಿ. ಫೈಲಲ್ಲಿ ಝೀರೋ ಮೇಲೆ, ಮಷೀನಲ್ಲಿ ಝೀರೋ ಕೆಳಗೆ ಅಂತಾದ್ರೆ ಬಿಟ್ ಟೇಬಲ್ಲಿಗೆ ಇಳಿಯತ್ತೆ, ಅದರ ಸದ್ದು ಒಂದ್ಸಲ ಕೇಳಿದ್ರೆ ಜನ್ಮದಲ್ಲಿ ಮರೆಯಲ್ಲ.

ಬಿಟ್

ಅಪ್‌ಕಟ್ ಬಿಟ್ ಹೊಟ್ಟನ್ನ ಮೇಲಕ್ಕೆ ಎಳ್ಕೊಂಡು ಬರತ್ತೆ, ಕೊಯ್ತ ತಣ್ಣಗಿರತ್ತೆ, ಆದ್ರೆ ಮೇಲಿನ ವಿನೀರ್ (ಪ್ಲೈಯ ತೆಳು ಮರದ ಪದರ) ಸಿಬಿರೇಳತ್ತೆ, ಜೊತೆಗೆ ಹಲಗೆಯನ್ನೂ ಮೇಲಕ್ಕೆ ಎತ್ತತ್ತೆ. ಡೌನ್‌ಕಟ್ ತಿರುಗಾಮುರುಗಾ, ಮೇಲಿನ ಅಂಚು ಬ್ಲೇಡಲ್ಲಿ ಕೊಯ್ದ ಹಾಗೆ ಬರತ್ತೆ ಆದ್ರೆ ಹೊಟ್ಟು ಕೆಳಗೇ ತುಂಬ್ಕೊಂಡು ಆಳದ ಕೊಯ್ತದಲ್ಲಿ ಬಿಸಿಯಾಗತ್ತೆ. ಕಂಪ್ರೆಷನ್ ಬಿಟ್ ತುದಿಯಲ್ಲಿ ಅಪ್‌ಕಟ್, ಮೇಲೆ ಡೌನ್‌ಕಟ್, ಎರಡೂ ಮುಖ ಕ್ಲೀನಾಗಿ ಬರತ್ತೆ, ಪ್ಲೈಗೆ ಅದೇ ರಾಜ. ಆದ್ರೆ ಒಂದು ಶರತ್ತು: ತುದಿಯ ಅಪ್‌ಕಟ್ ಭಾಗ ಎಷ್ಟುದ್ದ ಇದ್ಯೋ ಮೊದಲ್ನೇ ಪಾಸು ಅದಕ್ಕಿಂತ ಆಳ ಹೋಗ್ಬೇಕು. ಅಪ್‌ಕಟ್ ಭಾಗ 5 ಎಂಎಂ ಇದ್ದು ನೀವು 3 ಎಂಎಂ ಪಾಸ್ ಕೊಟ್ರೆ ದುಡ್ಡು ಕೊಟ್ಟು ತಂದ ಕಂಪ್ರೆಷನ್ ಬಿಟ್ಟು ಬರೀ ಅಪ್‌ಕಟ್ ಥರ ಕೆಲಸ ಮಾಡಿ ಮೇಲಿನ ವಿನೀರನ್ನ ಕಿತ್ಕೊಂಡ್ ಬರತ್ತೆ.

ಕಾಲೆಟಿಂದ (ಬಿಟ್ಟನ್ನ ಬಿಗಿಹಿಡಿಯೋ ಹಿಡಿಕೆ) ಬಿಟ್ ಹೊರಗೆ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು. ಕಾಲೆಟ್ ಒಳಗಿನ ಹೊಟ್ಟು ಒರೆಸಿ. ಕಾಲಿಂಚು ಬಿಟ್ ಅಂದ್ರೆ 6.35 ಎಂಎಂ, ಅದು 6ರ ಕಾಲೆಟಿಗೆ ಹೋಗಲ್ಲ, ಆದ್ರೆ 6ರ ಬಿಟ್ಟನ್ನ ಕಾಲಿಂಚಿನ ಕಾಲೆಟಿಗೆ ಬಿಗಿದು ಓಡ್ಸೋ ಜನ ಇದಾರೆ, ಜಾರಿ ಕೆಳಗೆ ಇಳಿಯತ್ತೆ, ಮಾಡ್ಬೇಡಿ.

ಫೀಡ್ ಲೆಕ್ಕ

ಫೀಡ್ ಅಂದ್ರೆ ಬಿಟ್ ನಿಮಿಷಕ್ಕೆ ಎಷ್ಟು ಎಂಎಂ ಮುಂದೆ ಹೋಗತ್ತೆ ಅನ್ನೋದು, ಆರ್‌ಪಿಎಂ ಅಂದ್ರೆ ಬಿಟ್ಟನ್ನ ತಿರುಗ್ಸೋ ಮೋಟಾರು, ಅಂದ್ರೆ ಸ್ಪಿಂಡಲ್, ನಿಮಿಷಕ್ಕೆ ಹಾಕೋ ಸುತ್ತು. ಫೀಡಿನ ಸೂತ್ರ ಒಂದೇ: ಆರ್‌ಪಿಎಂ ಗುಣಿಸು ಹಲ್ಲಿನ ಸಂಖ್ಯೆ ಗುಣಿಸು ಒಂದು ಹಲ್ಲು ಒಂದ್ಸಲಕ್ಕೆ ಕಚ್ಚೋ ಚಿಪ್ಪಿನ, ಅಂದ್ರೆ ಮರದ ಚಕ್ಕೆಯ, ದಪ್ಪ. 18000 ಆರ್‌ಪಿಎಂ, 2 ಫ್ಲೂಟು (ಅಂದ್ರೆ ಹಲ್ಲು), 0.1 ಎಂಎಂ ಅಂದ್ರೆ ನಿಮಿಷಕ್ಕೆ 3600 ಎಂಎಂ. ಚಿಕ್ಕ ಬೆಲ್ಟ್ ಮಷೀನು ಅಷ್ಟು ಓಡಲ್ಲ ಅಂದ್ರೆ ಎಲ್ರೂ ಫೀಡ್ ಮಾತ್ರ ಇಳಿಸ್ತಾರೆ, ಸ್ಪಿಂಡಲ್ ಹಾಗೇ ಬಿಡ್ತಾರೆ, ಅಲ್ಲೇ ಮರ ಕಪ್ಪಾಗೋದು. ಎರಡನ್ನೂ ಜೊತೆಗೆ ಇಳ್ಸಿ, 12000ಕ್ಕೆ ತಂದ್ರೆ ಅದೇ ಚಿಪ್ಪಿಗೆ 2400 ಸಾಕು. ಒಂದೇ ಫ್ಲೂಟಿನ ಬಿಟ್ ಹಾಕಿದ್ರೆ 18000ದಲ್ಲೂ 1800 ಸಾಕಾಗತ್ತೆ. ಹೊಟ್ಟನ್ನ ಬೆರಳಲ್ಲಿ ಹಿಡಿದು ನೋಡಿ, ಸಣ್ಣ ಸಣ್ಣ ಚಕ್ಕೆ ಸಿಕ್ಕಿದ್ರೆ ಸರಿ ಇದೆ, ಹಿಟ್ಟಿನ ಥರ ಇದ್ರೆ ಬಿಟ್ಟು ಕೊಯ್ತಾ ಇಲ್ಲ ಉಜ್ತಾ ಇದೆ (ಎಂಡಿಎಫಿಗೆ, ಅಂದ್ರೆ ಮರದ ನಾರನ್ನ ಅಂಟಲ್ಲಿ ಒತ್ತಿದ ಹಲಗೆಗೆ, ಇದು ಅನ್ವಯಿಸಲ್ಲ, ಅದು ಏನ್ಮಾಡಿದ್ರೂ ಹಿಟ್ಟೇ).

ಕೆಳಗೆ ಇಳಿಯೋ ಪ್ಲಂಜ್ ರೇಟು ಫೀಡಿನ ಮೂರನೇ ಒಂದು ಭಾಗ ಅಥವಾ ಇನ್ನೂ ಕಮ್ಮಿ. ಇನ್ನೊಂದು, ಚಿಕ್ಕ ತೂತಿನ ಒಳಗೆ ಸುತ್ತುವಾಗ ಬಿಟ್ಟಿನ ನಡುವಿನ ವೇಗಕ್ಕಿಂತ ಹೊರ ಅಂಚು ಜೋರಾಗಿ ಓಡತ್ತೆ. 10 ಎಂಎಂ ತೂತಲ್ಲಿ 6ರ ಬಿಟ್ಟಿನ ನಡುಭಾಗ ಬರೀ 2 ಎಂಎಂ ತ್ರಿಜ್ಯದಲ್ಲಿ ಸುತ್ತತ್ತೆ, ಗೋಡೆ ಇರೋದು 5ರಲ್ಲಿ, ಅಂದ್ರೆ ಗೋಡೆ ಹತ್ರ ಎರಡೂವರೆ ಪಟ್ಟು ವೇಗ. ಅಂಥ ತೂತುಗಳಿಗೆ ಬೇರೆ ಟೂಲ್‌ಪಾತ್ ಮಾಡಿ ಫೀಡ್ ಇಳಿಸಿ.

ಒಳಗಾ ಹೊರಗಾ ಗೆರೆ ಮೇಲಾ

ಡ್ರಾಯಿಂಗಿನ ಗೆರೆ ಅಂದ್ರೆ ಮುಗಿದ ಪಾರ್ಟಿನ ಅಂಚು. ಹೊರಗಿನ ಸುತ್ತಿಗೆ ಔಟ್‌ಸೈಡ್, ಬಿಟ್ಟಿನ ನಡು ಗೆರೆಯಿಂದ 3 ಎಂಎಂ ಹೊರಗೆ ಓಡತ್ತೆ. ಕೈ ಹಾಕೋ ತೂತು ಮತ್ತೆ ಸ್ಲಾಟಿಗೆ ಇನ್‌ಸೈಡ್. ಆನ್ ಅನ್ನೋದು ಅಕ್ಷರ ಕೊರೆಯೋಕೆ, ಗೀರು ಹಾಕೋಕೆ. ಒಂದ್ಸಲ ನಾನು ಹಳೇ ಜಾಬಿನ ಟೆಂಪ್ಲೇಟ್ ಕಾಪಿ ಮಾಡಿ ಆನ್ ಇದ್ದಿದ್ದನ್ನ ಬದಲಾಯಿಸ್ದೆ ಓಡ್ಸಿದೆ, ನಾಲ್ಕು ಪಾರ್ಟು ನೀಟಾಗಿ ಬಂತು, ಎಲ್ಲವೂ ಉದ್ದಕ್ಕೂ ಅಗಲಕ್ಕೂ 6 ಎಂಎಂ ಕಮ್ಮಿ.

ಈ ಆಫ್‌ಸೆಟ್ಟನ್ನ ಸಾಫ್ಟ್‌ವೇರಲ್ಲೇ ಮಾಡಿಸಿ. ಕಂಟ್ರೋಲರಲ್ಲಿ ಜಿ41 ಜಿ42 ಅನ್ನೋ ಆಫ್‌ಸೆಟ್ ಆಜ್ಞೆ ಕೊಟ್ಟು ಮಾಡೋ ಪದ್ಧತಿನೂ ಇದೆ, ಆದ್ರೆ ಜಿಆರ್‌ಬಿಎಲ್ ಥರದ ಕಂಟ್ರೋಲರ್‌ಗಳಿಗೆ ಅದು ಗೊತ್ತೇ ಇಲ್ಲ, ಎರರ್ 20 ಅಂತ ನಿಂತ್ಬಿಡತ್ತೆ.

ದಿಕ್ಕು ಯಾವುದು ಅನ್ನೋದಕ್ಕೆ ಮರದ ಜನ ದಿನಗಟ್ಲೆ ಜಗಳ ಆಡ್ತಾರೆ. ಸ್ಪಿಂಡಲ್ ಮೇಲಿಂದ ನೋಡಿದ್ರೆ ಗಡಿಯಾರದ ದಿಕ್ಕಲ್ಲಿ ತಿರುಗತ್ತೆ. ಹಾಗಿದ್ದಾಗ ಪಾರ್ಟಿನ ಹೊರಗಡೆ ಗಡಿಯಾರದ ದಿಕ್ಕಲ್ಲೇ ಸುತ್ತಿದ್ರೆ ಕ್ಲೈಂಬ್, ಎದುರು ಸುತ್ತಿದ್ರೆ ಕನ್ವೆನ್ಷನಲ್. ತೂತಿನ ಒಳಗೆ ಇದು ಉಲ್ಟಾ. ಕನ್ವೆನ್ಷನಲ್ಲಲ್ಲಿ ಮಷೀನಿಗೆ ಜಗ್ಗಾಟ ಕಮ್ಮಿ, ಆದ್ರೆ ಬಿಟ್ ಪಾರ್ಟಿನ ಒಳಗಡೆಗೆ ಬಾಗತ್ತೆ, ಎಳೆ ಎದುರಾದ ಕಡೆ ನಾರನ್ನ ಎತ್ತಿ ಸೀಳತ್ತೆ. ಕ್ಲೈಂಬಲ್ಲಿ ಬಿಟ್ಟು ಪಾರ್ಟಿಂದ ಆಚೆಗೆ ಬಾಗತ್ತೆ, ಸೀಳೋದು ಕಮ್ಮಿ, ಆದ್ರೆ ಮಷೀನ್ ಸಡಿಲ ಇದ್ರೆ ಮುಂದಕ್ಕೆ ಎಳ್ಕೊಂಡ್ ಹೋಗತ್ತೆ.

ನಾನು ಮಾಡೋದು ಹೀಗೆ: ರಫ್ ಪಾಸುಗಳು ಕನ್ವೆನ್ಷನಲ್, ಗೋಡೆಗೆ 0.5 ಎಂಎಂ ಮರ ಬಿಟ್ಟು. ಆಮೇಲೆ ಒಂದೇ ಫಿನಿಶ್ ಪಾಸು ಕ್ಲೈಂಬಲ್ಲಿ, ಪೂರ್ತಿ ಆಳ ಒಂದೇ ಸಲಕ್ಕೆ, ಆ 0.5 ತೆಗೆಯೋಕೆ. ಒಳಗಡೆ ಬಾಗಿ ಸೀಳಿದ್ದೆಲ್ಲಾ ಆ ಅರ್ಧ ಎಂಎಂ ಒಳಗೇ ಮುಗಿಯತ್ತೆ, ಪಾಸಿನ ಮೇಲೆ ಪಾಸು ಬಿದ್ದ ಮೆಟ್ಟಿಲ ಗುರುತೂ ಹೋಗತ್ತೆ. ಇದಕ್ಕೆ ಬಿಟ್ಟಿನ ಕೊಯ್ಯೋ ಉದ್ದ ಹಲಗೆ ದಪ್ಪಕ್ಕಿಂತ ಜಾಸ್ತಿ ಇರ್ಬೇಕು, 18ರ ಪ್ಲೈಗೆ 22 ಇದ್ರೆ ನಿಶ್ಚಿಂತೆ.

ಪಾಸಿನ ಆಳ ಬಿಟ್ಟಿನ ವ್ಯಾಸದ ಅರ್ಧದಿಂದ ಒಂದರಷ್ಟು. ನಮ್ಮ 17.9ನ್ನ ಮೂರು ಪಾಸ್ ಮಾಡಿದ್ರೆ ಒಂದೊಂದು 6ಕ್ಕೆ ಸ್ವಲ್ಪ ಕಮ್ಮಿ. ಮಷೀನ್ ಒದ್ದಾಡಿದ್ರೆ ಆರು ಪಾಸ್ ಮಾಡಿ, ಮರ್ಯಾದೆ ಏನೂ ಹೋಗಲ್ಲ (ಕಂಪ್ರೆಷನ್ ಬಿಟ್ಟಾದ್ರೆ ಮೊದಲ್ನೇ ಪಾಸು ಮಾತ್ರ ಮೇಲೆ ಹೇಳಿದ ಹಾಗೆ ಆಳವೇ ಇರ್ಲಿ). ದಪ್ಪ ಮರದಲ್ಲಿ ಪಾರ್ಟಿನ ಸುತ್ತ ಕೊಯ್ದ ಕಾಲುವೆ ಬಿಟ್ಟಿನಷ್ಟೇ ಅಗಲ ಇದ್ರೆ ಹೊಟ್ಟಿಗೆ ಆಚೆ ಬರೋಕೆ ದಾರಿ ಇರಲ್ಲ, ಹಲಗೆಯಲ್ಲಿ ಜಾಗ ಇದ್ರೆ ಒಂದು ಎಂಎಂ ಹೊರಗೆ ಇನ್ನೊಂದು ಸುತ್ತು ಸೇರಿಸಿ ಆ ಕಾಲುವೆಯನ್ನ ಅಗಲ ಮಾಡಿ, ಕೊಯ್ತದ ಸದ್ದೇ ಬದಲಾಗತ್ತೆ.

ಇಳಿಯೋದು, ಸೇರೋದು, ಬಿಡೋದು

ಬಿಟ್ಟನ್ನ ನೇರ ಕುಕ್ಕಿಸ್ಬೇಡಿ, ಮುಂದೆ ಹೋಗ್ತಾ ಓರೆಯಾಗಿ ಇಳಿಯೋ ರ‍್ಯಾಂಪ್ ಕೊಡಿ. 3 ಡಿಗ್ರಿ ರ‍್ಯಾಂಪಲ್ಲಿ 6 ಎಂಎಂ ಇಳಿಯೋಕೆ ಸುಮಾರು 115 ಎಂಎಂ ಉದ್ದ ಬೇಕು, ಸ್ಟೂಲಿನ ಪಕ್ಕದಲ್ಲಿ ಅಷ್ಟು ಜಾಗ ಇದ್ದೇ ಇದೆ, ಚಿಕ್ಕ ಪಾರ್ಟಲ್ಲಿ ಇರಲ್ಲ, ಅಲ್ಲಿ ಕೋನ ಜಾಸ್ತಿ ಮಾಡಿ.

ಫಿನಿಶ್ ಪಾಸಿಗೆ ಲೀಡ್ ಇನ್ ಆರ್ಕ್ ಹಾಕಿ, ಬಿಟ್ ಹೊರಗಿಂದ ಬಂದು ನುಣ್ಣಗೆ ಗೋಡೆಗೆ ಸೇರ್ಲಿ, ಹೋಗ್ವಾಗ್ಲೂ ಹಾಗೇ ಬಿಟ್ಟು ಹೋಗ್ಲಿ, ಶುರು ಮಾಡಿದ ಜಾಗ ದಾಟಿ ಒಂದೆರಡು ಎಂಎಂ ಮೇಲೆ ಹಾಯ್ಲಿ. ಶುರುವಾಗೋ ಬಿಂದುವನ್ನ ನೀವೇ ಆರಿಸಿ, ಕಣ್ಣಿಗೆ ಬೀಳದ ಉದ್ದದ ನೇರ ಅಂಚಲ್ಲಿ ಇಡಿ. ಸಾಫ್ಟ್‌ವೇರಿಗೆ ಬಿಟ್ರೆ ಸ್ಟೂಲಿನ ಮುಂದಿನ ದುಂಡು ಮೂಲೆಲೇ ಇಟ್ಟಿರತ್ತೆ. ಮತ್ತೆ ಲೀಡ್ ಇನ್ ಆರ್ಕು ಪಕ್ಕದ ಪಾರ್ಟಿನೊಳಗೆ ನುಗ್ಗಿಲ್ಲ ತಾನೇ ನೋಡಿ, ಶೀಟು ಉಳಿಸೋಕೆ ಪಾರ್ಟ್‌ಗಳನ್ನ ಒತ್ತೊತ್ತಾಗಿ ಇಟ್ಟಾಗ ಇದು ಆಗತ್ತೆ.

ಟ್ಯಾಬು

ಇಲ್ಲಿ ನಿಧಾನ ಮಾಡಿ. ಟ್ಯಾಬ್ ಅಂದ್ರೆ ಪಾರ್ಟನ್ನ ಹಲಗೆಗೆ ಹಿಡಿದಿಡೋ ಪುಟ್ಟ ಸೇತುವೆ. ನಮ್ಮ ಪಾರ್ಟಿಗೆ ನಾಲ್ಕರಿಂದ ಆರು ಸಾಕು, ಎತ್ತರ 3 ಎಂಎಂ, ಅಗಲ 10 ರಿಂದ 12. ಯಾಕಿಷ್ಟು ಅಗಲ ಅಂತೀರಾ? ಅಗಲವನ್ನ ಬಿಟ್ಟಿನ ನಡುಗೆರೆ ಮೇಲೆ ಲೆಕ್ಕ ಹಾಕೋ ಸಾಫ್ಟ್‌ವೇರಲ್ಲಿ 8 ಅಂತ ಕೊಟ್ರೆ, ಎರಡೂ ಕಡೆಯಿಂದ ಬಿಟ್ಟಿನ ದುಂಡು ಒಳಗೆ ತಿಂದು, ಕೊಯ್ದ ಕಾಲುವೆ ನಡುವೆ ಟ್ಯಾಬ್ ಉಳಿಯೋದು ಬರೀ 2 ಎಂಎಂ. ಎತ್ತರನೂ ಹಾಗೇ, ಸಾಮಾನ್ಯವಾಗಿ ಟೂಲ್‌ಪಾತಿನ ತಳದಿಂದ ಲೆಕ್ಕ ಹಾಕೋದು, ನಾವು 0.3 ಕೆಳಗೆ ಹೋಗಿದೀವಿ, ಅಲ್ಲಿಗೆ ನಿಜವಾದ ಮರ 2.7 ಮಾತ್ರ.

ಟ್ಯಾಬನ್ನ ಮೂಲೆಲಿ ಇಡ್ಬೇಡಿ, ವಕ್ರದ ಮೇಲೆ ಇಡ್ಬೇಡಿ, ನೇರ ಅಂಚಲ್ಲಿ ಇಡಿ, ಆಮೇಲೆ ಉಜ್ಜೋಕೆ ಸುಲಭ. ಗಟ್ಟಿಮರ ಆದ್ರೆ ಎಳೆಯ ತುದಿ ಬರೋ ಅಂಚು ಬೇಡ, ಅಲ್ಲಿ ಟ್ಯಾಬ್ ಬಿಡಿಸ್ವಾಗ ನಾರು ಪಾರ್ಟಿನೊಳಕ್ಕೆ ಸೀಳ್ಕೊಂಡ್ ಹೋಗತ್ತೆ. ಸಾಫ್ಟ್‌ವೇರ್ ಇಳಿಜಾರು ಟ್ಯಾಬ್ ಕೊಟ್ರೆ ಅದನ್ನೇ ತಗೊಳ್ಳಿ, ಚೌಕ ಟ್ಯಾಬಲ್ಲಿ ಬಿಟ್ಟು ಪ್ರತಿ ಸಲ ನಿಂತು ಎದ್ದು ಇಳಿದು ಸುಟ್ಟ ಗುರುತು ಬಿಡತ್ತೆ.

ನನ್ನ ಅತಿ ದೊಡ್ಡ ಎಡವಟ್ಟು ಇಲ್ಲೇ ಆಗಿದ್ದು. ರಫ್ ಟೂಲ್‌ಪಾತಿಗೆ ಚೆನ್ನಾಗಿ ಯೋಚನೆ ಮಾಡಿ ಆರು ಟ್ಯಾಬ್ ಇಟ್ಟಿದ್ದೆ. ಫಿನಿಶ್ ಪಾಸನ್ನ ಬೇರೆ ಟೂಲ್‌ಪಾತ್ ಆಗಿ ಮಾಡಿದ್ದೆ, ಅದಕ್ಕೆ ಟ್ಯಾಬ್ ಹಾಕೋದು ಮರ್ತಿದ್ದೆ. ಫಿನಿಶ್ ಪಾಸು ಪೂರ್ತಿ ಆಳಕ್ಕಿಳಿದು ಒಂದೊಂದೇ ಟ್ಯಾಬನ್ನ ನೀಟಾಗಿ ಕೊಯ್ಕೊಂಡು ಬಂತು, ಕೊನೇದು ಹೋದ ತಕ್ಷಣ ಪಾರ್ಟು ತಿರುಗಿ ಬಿಟ್ಟಿಗೆ ಸಿಕ್ಕಿ ಪಟ್ ಅಂತ ಬಿಟ್ಟು ಮುರೀತು, ಹಲಗೆ ಎಗರಿ ಮಷೀನಿನ ಕಂಬಕ್ಕೆ ಬಡೀತು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ ಅನ್ನೋದಷ್ಟೇ ಪುಣ್ಯ. ಎರಡೂ ಟೂಲ್‌ಪಾತಲ್ಲಿ ಟ್ಯಾಬು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇರ್ಬೇಕು, ಪ್ರಿವ್ಯೂನಲ್ಲಿ ಎರಡನ್ನೂ ಒಟ್ಟಿಗೆ ಆನ್ ಮಾಡಿ ನೋಡಿ.

ಟ್ಯಾಬ್ ಇಷ್ಟ ಇಲ್ಲಾಂದ್ರೆ ಇನ್ನೊಂದು ದಾರಿ ಇದೆ, ತಳದಲ್ಲಿ 0.4 ಎಂಎಂ ತೆಳು ಪದರ ಬಿಟ್ಟು ಉಳಿದಿದ್ದೆಲ್ಲಾ ಕೊಯ್ಯೋದು, ಈರುಳ್ಳಿ ಸಿಪ್ಪೆ ಥರ. ಆಮೇಲೆ ಕೈಯಲ್ಲಿ ಬ್ಲೇಡಿಂದ ಬಿಡಿಸ್ಬಹುದು, ಅಥವಾ ವ್ಯಾಕ್ಯೂಮ್ ಟೇಬಲ್ ಇದ್ರೆ ಕೊನೇಲಿ ಒಂದು ಹಗುರ ಪಾಸು. ಇದಕ್ಕೆ ಹಲಗೆ ಚಪ್ಪಟೆಯಾಗಿ ಕೂತಿರ್ಬೇಕು, ಬಾಗಿದ ಹಲಗೆಗೆ ಟ್ಯಾಬೇ ಗತಿ.

ಕೈ ಹಾಕೋ ತೂತಿನ ಒಳಗಿನ ತುಂಡನ್ನ ಮರೀಬೇಡಿ, ಅದೂ ಬಿಡಿಸ್ಕೊಂಡು ಕುಣಿಯತ್ತೆ. ಅದಕ್ಕೂ ಎರಡು ಟ್ಯಾಬು, ಚಿಕ್ಕದಾದ್ರೆ ಪಾಕೆಟ್ ಮಾಡಿ ಪೂರ್ತಿ ಪುಡಿ ಮಾಡ್ಬಿಡಿ.

ಒಳ ಮೂಲೆ

ದುಂಡು ಬಿಟ್ಟಿಂದ ಚೂಪು ಒಳ ಮೂಲೆ ಬರಲ್ಲ, 3 ಎಂಎಂ ತ್ರಿಜ್ಯ ಉಳಿದೇ ಉಳಿಯತ್ತೆ. ಇನ್ನೊಂದು ಹಲಗೆಯ ಚೌಕ ಅಂಚು ಅಲ್ಲಿ ಕೂರ್ಬೇಕಂದ್ರೆ ಡಾಗ್‌ಬೋನ್ ಹಾಕಿ, ಅಂದ್ರೆ ಬಿಟ್ ಮೂಲೆ ಕಡೆ ಓರೆಯಾಗಿ ಸ್ವಲ್ಪ ಮುಂದೆ ಹೋಗಿ ಬರೋದು. 6ರ ಬಿಟ್ಟಿಗೆ ಆ ಸ್ವಲ್ಪ ಅಂದ್ರೆ 1.24 ಎಂಎಂ, ತ್ರಿಜ್ಯದ 0.414 ಪಟ್ಟು. ಕಾಣೋ ಜಾಗ ಆದ್ರೆ ಡಾಗ್‌ಬೋನ್ ಬೇಡ, ಚೂಪಾದ ಉಳಿ ತಗೊಂಡು ಮೂಲೆ ಚೌಕ ಮಾಡಿ, ಐದು ನಿಮಿಷದ ಕೆಲಸ.

ಕ್ರಮ ಮತ್ತೆ ಓಡ್ಸೋ ಮುಂಚೆ

ಒಳಗಿಂದು ಮೊದಲು, ಹೊರಗಿನ ಸುತ್ತು ಕೊನೇಲಿ. ತೂತು, ಪಾಕೆಟ್, ಸ್ಲಾಟು ಎಲ್ಲಾ ಪಾರ್ಟು ಗಟ್ಟಿಯಾಗಿ ಹಿಡ್ಕೊಂಡಿರುವಾಗ್ಲೇ ಮುಗೀಬೇಕು. ಅನೇಕ ಪಾರ್ಟ್ ಇದ್ರೆ ಚಿಕ್ಕವು ಮೊದಲು.

ಸಿಮ್ಯುಲೇಷನ್ ಓಡ್ಸಿ, ಆದ್ರೆ ಸುಮ್ನೆ ಬಣ್ಣ ನೋಡ್ಕೊಂಡು ಕೂರ್ಬೇಡಿ. ಕ್ಲಾಂಪಿನ ಮೇಲೆ ಹಾದು ಹೋಗತ್ತಾ, ಸೇಫ್ ಝಡ್, ಅಂದ್ರೆ ಬಿಟ್ ಎದ್ದು ಓಡಾಡೋ ಎತ್ತರ, ಕ್ಲಾಂಪಿಗಿಂತ ಮೇಲಿದ್ಯಾ, ಬಿಟ್ ಯಾವ ಕಡೆ ನಿಂತಿದೆ, ಇಷ್ಟು ನೋಡಿ. ಸ್ಕ್ರೂ ಹಾಕಿ ಹಿಡಿಸೋದಾದ್ರೆ ಸ್ಕ್ರೂ ಜಾಗವನ್ನ ಡ್ರಾಯಿಂಗಲ್ಲೇ ಗುರುತು ಮಾಡಿ. ಜಿಕೋಡ್ ಫೈಲನ್ನ (ಮಷೀನಿಗೆ ಕೊಡೋ ಆಜ್ಞೆಗಳ ಪಟ್ಟಿ) ನೋಟ್‌ಪ್ಯಾಡಲ್ಲಿ ತೆಗೆದು ಮೊದಲ ಹತ್ತು ಸಾಲು ಓದಿ: ಜಿ21 ಇದ್ಯಾ, ಅದು ಎಂಎಂ ಅಂತ, ಜಿ90 ಇದ್ಯಾ, ಅದು ಎಲ್ಲಾ ಅಳತೆ ಝೀರೋಯಿಂದ ಅಂತ, ಸ್ಪಿಂಡಲ್ ಶುರು ಮಾಡೋ ಎಂ3 ಜೊತೆ ಎಸ್ ನಂಬರ್, ಅಂದ್ರೆ ಅದರ ಆರ್‌ಪಿಎಂ, ಸರಿ ಇದ್ಯಾ. ಆಮೇಲೆ ಝಡ್ಡನ್ನ 30 ಎಂಎಂ ಮೇಲೆ ಝೀರೋ ಮಾಡಿ ಗಾಳಿಯಲ್ಲಿ ಒಂದು ಸುತ್ತು ಓಡ್ಸಿ, ಓಡ್ಸಿದ ಮೇಲೆ ಝೀರೋ ವಾಪಸ್ ಸರಿ ಮಾಡೋದು ನೆನಪಿರ್ಲಿ.

ಹೊಸ ಬಿಟ್ ಆದ್ರೆ ಒಂದು ಬೇಡದ ತುಂಡಲ್ಲಿ 100 ಎಂಎಂ ಚೌಕ ಕೊಯ್ದು ಅಳೀರಿ. 100.2 ಬಂದ್ರೆ ಒಂದೊಂದು ಕಡೆ 0.1 ಉಳಿದಿದೆ, ಬಿಟ್ಟಿನ ವ್ಯಾಸ ಹೇಳಿದ್ದಕ್ಕಿಂತ ಕಮ್ಮಿ ಇರ್ಬಹುದು ಅಥವಾ ಬಾಗಿರ್ಬಹುದು. ಅದೇ ಫಿನಿಶ್ ಪಾಸನ್ನ ಇನ್ನೊಂದ್ಸಲ ಓಡ್ಸಿ, ಅಳತೆ ಇಳಿದ್ರೆ ಬಾಗಿದ್ದು, ಇಳೀಲಿಲ್ಲಾಂದ್ರೆ ವ್ಯಾಸದ ವಿಷ್ಯ, ಟೂಲ್ ಲೈಬ್ರರಿಯಲ್ಲಿ ವ್ಯಾಸವನ್ನ 5.8 ಅಂತ ತಿದ್ದಿ. X ಮತ್ತೆ Y ಬೇರೆ ಬೇರೆ ಬಂದ್ರೆ ಬಿಟ್ಟನ್ನ ಬೈಬೇಡಿ, ಮಷೀನಿನ ಸ್ಟೆಪ್ಸ್ ಕ್ಯಾಲಿಬ್ರೇಷನ್, ಅಂದ್ರೆ ಒಂದು ಎಂಎಂಗೆ ಮೋಟಾರ್ ಎಷ್ಟು ಹೆಜ್ಜೆ ಹಾಕ್ಬೇಕು ಅನ್ನೋ ಲೆಕ್ಕ, ನೋಡಿ.

ಓಡ್ವಾಗ ಪಕ್ಕದಲ್ಲೇ ಇರಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಮೂಗಿಗೆ ಒಳ್ಳೆ ಮಾಸ್ಕು. ಮರದ ಧೂಳನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಕ್ಯಾನ್ಸರ್ ತರೋ ಒಂದನೇ ಗುಂಪಿಗೆ ಸೇರಿಸಿದೆ, ಎಂಡಿಎಫಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ಸುಟ್ಟ ವಾಸನೆ ಬಂದ್ರೆ ತಕ್ಷಣ ನಿಲ್ಸಿ, ಒಂದು ಕೆಂಡ ಡಸ್ಟ್ ಕಲೆಕ್ಟರಿನ ಚೀಲಕ್ಕೆ ಹೋದ್ರೆ ಗಂಟೆಗಟ್ಲೆ ಒಳಗೊಳಗೇ ಹೊಗೆಯಾಡಿ ಆಮೇಲೆ ಹತ್ಕೊಳ್ಳತ್ತೆ.

ಮುಗಿದ ಮೇಲೆ ಪಾರ್ಟನ್ನ ಬಗ್ಗಿಸಿ ಕಿತ್ಕೋಬೇಡಿ. ಸಣ್ಣ ಗರಗಸ ಅಥವಾ ಚೂಪಾದ ಉಳಿ ತಗೊಂಡು ಟ್ಯಾಬನ್ನ ಹಲಗೆ ಕಡೆಗೆ ಹತ್ರ ಕೊಯ್ರಿ, ಪಾರ್ಟಲ್ಲಿ ಉಳಿದ ಗುಬಟನ್ನ ಫ್ಲಶ್ ಟ್ರಿಮ್ ಬಿಟ್ಟಲ್ಲಿ (ಅಂಚಿಗೆ ಸಮವಾಗಿ ಕೊಯ್ಯೋ ಬಿಟ್) ಅಥವಾ 120ರ ಮರಳುಕಾಗದದಲ್ಲಿ ಸಮ ಮಾಡಿ. ಪಾರ್ಟು ಕೈಗೆ ಬಂದ್ಮೇಲೆ ಸ್ಲಾಟಿಗೆ ಅದೇ ಶೀಟಿನ ತುಂಡೊಂದನ್ನ ತೂರ್ಸಿ ನೋಡಿ, ಬಿಗಿ ಅನ್ಸಿದ್ರೆ ಎಷ್ಟು ಬಿಗಿ ಅಂತ ಆ ಹಲಗೆ ಮೇಲೇ ಪೆನ್ಸಿಲಲ್ಲಿ ಬರೆದಿಡಿ, ಎರಡ್ನೇ ಪಾರ್ಟು ಓಡ್ಸೋ ಮುಂಚೆ ಸ್ಲಾಟಿನ ಅಗಲ ಅಷ್ಟು ತಿದ್ಕೊಳ್ಳಿ.